ಗುಂಡು ಗಂಡಾದ ಮಧ್ಯಾಹ್ನ

ಎಲ್ಲಕ್ಕೂ ಕಾರಣ ಒಂದು ರುಬ್ಬುಗುಂಡು.

ಅಂದು ಬೆಳಿಗ್ಗೆ ವಿಶ್ವಾರಾಧ್ಯ ಸ್ಕೂಟರ್ ಸ್ಟಾರ್ಟ್ ಮಾಡಿ, ಒಂದು ಕಾಲು ನೆಲಕ್ಕೂರಿ ನಿಂತಿದ್ದ. ಆಗ ಅವನ ಹೆಂಡತಿ ಶೈಲಜಾ ಅಡುಗೆಮನೆಯಿಂದ ಏನನ್ನೋ ಎದೆಗವಚಿಕೊಂಡು ಬಂದು ಸ್ಕೂಟರಿನ ಮೇಲೆ ಅವನ ಕಾಲ ಬಳಿ ಇಳಿಸಿದಳು. ಸ್ಕೂಟರ್ ಒಮ್ಮೆ ನರಳಿತು. ಅದು ಒರಳಿನ ಗುಂಡು. ಅತ್ತೆಯ ಕಾಲದ್ದು, ಎರಡು ತಲೆಮಾರಿನ ದೋಸೆಹಿಟ್ಟು ಅರೆದು ಅರೆದು ಮಗುವಿನ ಕೆನ್ನೆಯ ಹಾಗೆ ನುಣ್ಣಗಾಗಿತ್ತು. ಅದಕ್ಕೆ ಹಳದಿ ಉಲ್ಲನ್ನಿನ ಒಂದು ಕುಲಾವಿ ತೊಡಿಸಿ, ಗಲ್ಲಕ್ಕೆ ಗಂಟು ಕಟ್ಟಿದ್ದಳು. ಗುಂಡಿಗೆ ಗಲ್ಲ ಎಲ್ಲಿ ಎಂದು ಯಾರೂ ಕೇಳಬಾರದು. ಕಟ್ಟಿದ ಮೇಲೆ ಕಾಣುತ್ತಿತ್ತು.

"ಇದ್ಯಾಕೆ ಶೈಲಾ?"

"ಖಾಲಿ ತೊಟ್ಟಿಲು ಮನೆಗೆ ತರ್ಬಾರ್ದು. ಇದನ್ನ ಮಲಗಿಸ್ಕೊಂಡು ತನ್ನಿ."

"ಒಂದು ತೆಂಗಿನಕಾಯಿ ಇಟ್ರೆ ಆಗಲ್ವಾ? ಹಗುರ."

"ತೆಂಗಿನಕಾಯಿ ಒಡೆಯತ್ತೆ," ಎಂದಳು ಶೈಲಜಾ. ಎಂದವಳು ಮುಖ ತಿರುಗಿಸಿಕೊಂಡು ಗೇಟಿನ ಚಿಲಕ ಒರೆಸತೊಡಗಿದಳು.

"ಕುಲಾವಿ?"

"ತೊಟ್ಟಿಲ ಪಾಲಿಶ್ ತರಚಬಾರ್ದಲ್ಲ, ಅದಕ್ಕೆ."

"ಕೆನ್ನೆಗೆ ಈ ಕಪ್ಪು ಬೊಟ್ಟು?"

"ಅದು ಸುಮ್ನೆ," ಎಂದಳು.

ವಿಶ್ವಾರಾಧ್ಯ ಮತ್ತೆ ಕೇಳಲಿಲ್ಲ. ಅವಳು 'ಸುಮ್ನೆ' ಅಂದಾಗ ಅವನು ಸುಮ್ಮನಾಗುವುದನ್ನು ಎಂದೋ ಕಲಿತಿದ್ದ.

ಬಳೇಪೇಟೆಯ ಓಣಿಯಲ್ಲಿ ಅವನದು ತೊಟ್ಟಿಲ ಅಂಗಡಿ. ಬೋರ್ಡಿನ ಮೇಲೆ 'ರೇವಣಸಿದ್ದಯ್ಯ ಅಂಡ್ ಸನ್ಸ್' ಎಂದಿತ್ತು. ರೇವಣಸಿದ್ದಯ್ಯ ಅವನ ತಂದೆ, ಈಗಿಲ್ಲ. 'ಸನ್ಸ್' ಎಂಬುದು ಬೋರ್ಡ್ ಬರೆದವನ ಔದಾರ್ಯ, ಇದ್ದವನು ಇವನೊಬ್ಬನೇ. ಹೀಗೆ ಬೋರ್ಡಿನಲ್ಲಿ ಬಹುವಚನ, ಮನೆಯಲ್ಲಿ ಏಕವಚನ, ಮುಂದಕ್ಕೆ ವಚನವೇ ಇಲ್ಲ. ಅದೂ ದಿನಾ ಬೆಳಿಗ್ಗೆ ಲಿಂಗಕ್ಕೆ ನೀರೆರೆದು ವಚನ ಹೇಳುವವರ ಮನೆಯಲ್ಲಿ!

ಒಂದು ಕಾಲದಲ್ಲಿ ಬಸವನಗುಡಿ, ಮಲ್ಲೇಶ್ವರದ ಬಾಣಂತಿಯರ ತವರಿನವರೆಲ್ಲ ಈ ಅಂಗಡಿ ಹುಡುಕಿಕೊಂಡು ಬರುತ್ತಿದ್ದರು. ಈಗ ಬರುವವರು ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮಿಕ್ಕಂತೆ ಪಟ್ನಾ, ಗೋರಖ್‌ಪುರ ಎಂದು ಫೋನಿನಲ್ಲೇ ಆರ್ಡರು ಕಳಿಸುವವರು. ನಮ್ಮ ಹಳೇ ಬಡಾವಣೆಗಳವರು ಅಪರೂಪಕ್ಕೆ ಬಂದರೆ ತೊಟ್ಟಿಲೊಳಗೆ ಕೈಯಾಡಿಸಿ, "ನಮ್ಮ ಬ್ರೂನೋಗೆ ಆಗೋ ಸೈಜ್ ಇದ್ಯಾ?" ಎಂದು ಕೇಳುತ್ತಿದ್ದರು. ಬ್ರೂನೋ ಎಂದರೆ ನಾಯಿ.

ಅಂಗಡಿಯ ಸೂರಿನಿಂದ ಒಂದು ತೊಟ್ಟಿಲು ಮಾತ್ರ ವರ್ಷಗಟ್ಟಲೆಯಿಂದ ಇಳಿದಿರಲಿಲ್ಲ. ನಾಲ್ಕು ಮೂಲೆಗೂ ನಾಲ್ಕು ಗಿಳಿ ಕೂತ ಆ ತೊಟ್ಟಿಲನ್ನು ರೇವಣಸಿದ್ದಯ್ಯನವರು ಸೊಸೆ ಬಸುರಿಯಾದಾಗ ತಾವೇ ಕೂತು ಕೆತ್ತಿದ್ದರು. ನಾಲ್ಕನೇ ಗಿಳಿಗೆ ಕೊಕ್ಕು ಕೆತ್ತುವುದು ಬಾಕಿ ಇತ್ತು. ಅಷ್ಟರಲ್ಲಿ, ಏಳನೇ ತಿಂಗಳಿಗೆ, ಎಲ್ಲ ಮುಗಿದುಹೋಯಿತು. ಕೊಕ್ಕಿಲ್ಲದ ಗಿಳಿ ಹಾಗೇ ಉಳಿಯಿತು. ಯಾರಾದರೂ ಬೆಲೆ ಕೇಳಿದರೆ ವಿಶ್ವಾರಾಧ್ಯ, "ಅದು ಮಾರಾಟಕ್ಕಿಲ್ಲ" ಎನ್ನುತ್ತಿದ್ದ.

ಆ ಸಲ ಸೀಮಂತಕ್ಕೆ ಚಾಮರಾಜಪೇಟೆಯ ಇಡೀ ರಸ್ತೆ ಬಂದು ಉಂಡು ಹೋಗಿತ್ತು. ಆಮೇಲೆ ಅದೇ ರಸ್ತೆ, ಅದೇ ಕ್ರಮದಲ್ಲಿ, ಸಮಾಧಾನ ಹೇಳಲು ಬಂತು. ಅಂದೇ ಶೈಲಜಾ ಆಣೆ ಹಾಕಿಸಿಕೊಂಡಿದ್ದಳು: "ಇನ್ಮೇಲೆ ಮಗು ನನ್ನ ಮಡಿಲಿಗೆ ಬರೋವರೆಗೂ ಯಾರಿಗೂ ಹೇಳ್ಕೂಡ್ದು. ಒಬ್ರಿಗೂ."

ಅದರಂತೆ, ಅವರು ದತ್ತು ಕೇಂದ್ರಕ್ಕೆ ಅರ್ಜಿ ಹಾಕಿ ನಾಲ್ಕು ವರ್ಷವಾಗಿದ್ದರೂ ಪಕ್ಕದ ಮನೆಗೇ ಸುಳಿವಿರಲಿಲ್ಲ. ಇವತ್ತು ಸಂಜೆ ನಾಲ್ಕಕ್ಕೆ ಕೇಂದ್ರದ ಮೇಡಂ ಕೊನೆಯ ಸಲ ಮನೆ ನೋಡಲು ಬರುವವರಿದ್ದರು. ಅಲ್ಲಿ ಗಂಡಹೆಂಡಿರ ವಯಸ್ಸನ್ನು ಕೂಡಿಸಿ ಒಂದು ಗೆರೆ ಎಳೆಯುತ್ತಾರೆ. ಬರುವ ತಿಂಗಳು ಶೈಲಜಾಳ ಹುಟ್ಟುಹಬ್ಬಕ್ಕೆ ಇವರು ಆ ಗೆರೆ ದಾಟುತ್ತಿದ್ದರು. ದಾಟಿದರೆ ಓಡಾಡುವ ಮಗು ಸಿಕ್ಕೀತು, ತೊಟ್ಟಿಲ ಮಗು ಸಿಗದು. ಆದ್ದರಿಂದ, ಮನೆ ಸಿದ್ಧವಾಗಿದೆ ಎಂದು ಮೇಡಂಗೆ ಕಾಣಲಿ ಎಂದು, ಗಿಳಿಗಳ ತೊಟ್ಟಿಲು ಕೊನೆಗೂ ಸೂರು ಬಿಟ್ಟು ಇಳಿಯಿತು.

ಲಗೇಜ್ ಆಟೋದ ಮನೋಹರ್ ಬಿಹಾರದವನು. ಕನ್ನಡ ಕಲಿತಿದ್ದ, ಆದರೆ ಅವನ ಕನ್ನಡದಲ್ಲಿ ನಾನು, ನೀನು, ಅದು, ಇದು ಎಲ್ಲ ಒಂದೇ ಆಟೋದಲ್ಲಿ ಕೂತು ಹೋಗುತ್ತಿದ್ದವು.

"ಸಾರ್, ನೀನು ಬಿಡು. ನಾನು ಎತ್ತುತ್ತೆ," ಎಂದು ಅವನೇ ತೊಟ್ಟಿಲು ಏರಿಸಿದ. ವಿಶ್ವಾರಾಧ್ಯ ಅದರೊಳಗೆ ಗುಂಡನ್ನು ಮಲಗಿಸಿ, ಹಳೆಯ ಮೆತ್ತನೆ ಸೀರೆ ಹೊದಿಸಿ, ಅದು ಉರುಳದಂತೆ ಒಂದು ಕೈ ಅದರ ಮೇಲಿಟ್ಟುಕೊಂಡು ಹಿಂದೆಯೇ ಕೂತ. ಮಾರ್ಕೆಟ್ಟಿನ ಸಿಗ್ನಲ್‌ನಲ್ಲಿ ಹೂವಿನ ಬುಟ್ಟಿಯ ಮುದುಕಿಯೊಬ್ಬಳು ಇಣುಕಿ, ಹಳದಿ ಕುಲಾವಿಯ ತುದಿ ನೋಡಿ, "ಬಿಸ್ಲು ಬೀಳ್ತಾ ಇದೆ ನೋಡಪ್ಪಾ, ಮುಚ್ಚು," ಎಂದಳು. ವಿಶ್ವಾರಾಧ್ಯ ಮುಚ್ಚಿದ. ಕಲ್ಲಿಗೆ ಬಿಸಿಲು ತಾಗಬಾರದೆಂದು ಸೆರಗು ಎಳೆಯುತ್ತಿರುವ ತನ್ನ ಕೈಯನ್ನು ತಾನೇ ನೋಡಿಕೊಂಡು ಅವನಿಗೆ ನಗು ಬಂತು. ಆದರೂ ಮನೆ ಬರುವವರೆಗೂ ಕೈ ತೆಗೆಯಲಿಲ್ಲ.

ಮನೆಯ ಮುಂದೆ ಆಟೋ ನಿಂತಾಗ ಮಧ್ಯಾಹ್ನದ ಊಟದ ನಂತರದ ಹೊತ್ತು. ಶೈಲಜಾ ಹೂವು ಹಣ್ಣು ತರಲು ಗಾಂಧಿ ಬಜಾರಿಗೆ ಹೋಗಿದ್ದಳು. ಇಡೀ ರಸ್ತೆ ಮಲಗಿತ್ತು, ಕಾವೇರಮ್ಮನೊಬ್ಬರನ್ನು ಬಿಟ್ಟು. ಪಕ್ಕದ ಮನೆಯ ಕಾವೇರಮ್ಮನಿಗೆ ಕಿವಿ ಮಂದ, ಬಾಯಿ ಚುರುಕು. ಒಳಗೆ ಹೋಗುವ ಸುದ್ದಿ ಅರ್ಧ, ಹೊರಗೆ ಬರುವುದು ಒಂದೂವರೆ.

ಬಾಗಿಲಲ್ಲಿ ತೊಟ್ಟಿಲು ಓರೆಯಾಯಿತು. "ನಿಧಾನಪ್ಪಾ, ತಲೆ ತಗಲತ್ತೆ, ತಲೆ!" ಎಂದು ವಿಶ್ವಾರಾಧ್ಯ ಮನೋಹರನ ತಲೆಯನ್ನು ಕುರಿತು ಕೂಗಿದ.

ಕಾವೇರಮ್ಮ ಕಾಂಪೌಂಡಿನ ಮೇಲೆ ಚಂದ್ರನ ಹಾಗೆ ಮೂಡಿದರು. "ವಿಶ್ವಾ! ತೊಟ್ಟಿಲಾ ಅದು? ಒಳಗೇನೋ ಮಲಗಿದೆ!"

ವಿಶ್ವಾರಾಧ್ಯ ತೊಟ್ಟಿಲಿಗೆ ಮೈ ಅಡ್ಡ ಮಾಡಿದ. "ಏನಿಲ್ಲ ಕಾವೇರಮ್ಮ. ಗುಂಡು. ಬರೀ ಗುಂಡು."

"ಗಂಡಾ!"

"ಗಂಡಲ್ಲ, ಗುಂಡು!"

"ಗುಂಡುಗುಂಡಗಿರೋ ಗಂಡಾ!" ಕಾವೇರಮ್ಮನ ಕಣ್ಣಲ್ಲಿ ನೀರೇ ಬಂದುಬಿಟ್ಟಿತು. "ಅಯ್ಯೋ ನನ್ನಪ್ಪಾ, ದೇವ್ರು ಕಣ್ಬಿಟ್ಟ! ಏನೂಂದ್ರೇ, ಬನ್ರೀ ಇಲ್ಲಿ! ವಿಶ್ವ ಗಂಡು ತಂದಿದಾನೆ!"

ಒಂದು ಕೊಂಬು ಗಂಡಾಂತರ ತಂದದ್ದು ಹೀಗೆ. ಗು ಹೋಗಿ ಗ ಆಯಿತು. ಕಲ್ಲು ಹೋಗಿ ಕೂಸಾಯಿತು.

ಸೀರೆ ಸರಿಸಿ ಕಲ್ಲು ತೋರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತೋರಿಸಿದರೆ ಮುಂದಿನ ಪ್ರಶ್ನೆ: ಕಲ್ಲು ಮಲಗಿಸಿದ ತೊಟ್ಟಿಲು ಮನೆಗೇಕೆ? ಅದಕ್ಕೆ ಉತ್ತರ ಹೇಳಿದರೆ ಶೈಲಜಾಳ ಆಣೆ ಮುರಿದಂತೆ. ಇನ್ನು ಒಂದೆರಡು ಗಂಟೆ ತಳ್ಳಿದರಾಯಿತು ಎಂದುಕೊಂಡು ವಿಶ್ವಾರಾಧ್ಯ ತೊಟ್ಟಿಲನ್ನು ನಡುಮನೆಯ ಕೊಂಡಿಗೆ ತೂಗುಹಾಕಿ, ಓಡಿ ಬಂದು, ಬಾಗಿಲಿಗೆ ಅಡ್ಡ ನಿಂತ. ಅಗುಳಿಯೂ ಅಷ್ಟು ಬಿಗಿಯಾಗಿ ನಿಲ್ಲುತ್ತಿರಲಿಲ್ಲ.

"ಒಳಗ್ಬಿಡೋ, ಒಂದ್ಸಲ ನೋಡ್ತೀನಿ."

"ಮಲಗಿದೆ ಕಾವೇರಮ್ಮ," ಎಂದು ಬಾಯಿ ತಪ್ಪಿ ಬಂತು. ಸುಳ್ಳೂ ಅಲ್ಲ. ಗುಂಡು ಹುಟ್ಟಿದಾಗಿನಿಂದ ಎದ್ದೇ ಇರಲಿಲ್ಲ.

ಅಷ್ಟರಲ್ಲಿ ಕಾವೇರಮ್ಮನ ಯಜಮಾನರು ರಾಮಾನುಜ ಬಂದರು. ಅಂಕಿಅಂಶ ಇಲಾಖೆಯಿಂದ ನಿವೃತ್ತರಾದವರು. ನಿವೃತ್ತಿ ಇಲಾಖೆಯಿಂದಲೇ ಹೊರತು ಅಂಕಿಅಂಶದಿಂದಲ್ಲ. ಮಾತಿಗೆ ಮೊದಲು ಕನ್ನಡಕ ಏರಿಸಿ, ಗಂಟಲು ಸರಿಮಾಡಿ, "ನೋಡೀ..." ಎಂದು 'ಡೀ'ಯನ್ನು ಬೀದಿ ತುದಿಯವರೆಗೆ ಎಳೆಯುತ್ತಿದ್ದರು.

"ನೋಡೀ... ಸಂತೋಷ. ಬಹಳ ಸಂತೋಷ. ಆದ್ರೆ ಇದು ಇಲ್ಲಿಯ ಮಗು ಇರೋಕೆ ಸಾಧ್ಯವಿಲ್ಲ. ಒಬ್ಬ ಹೆಂಗಸಿಗೆ ಸರಾಸರಿ ಎರಡು ಪಾಯಿಂಟ್ ಒಂದು ಮಗು ಆದ್ರೆ ಮಾತ್ರ ಜನಸಂಖ್ಯೆ ಇದ್ದ ಹಾಗೇ ನಿಲ್ಲತ್ತೆ. ನಮ್ಮ ಕರ್ನಾಟಕದಲ್ಲಿ ಒಂದೂ ಮುಕ್ಕಾಲೂ ಇಲ್ಲ."

"ಪಾಯಿಂಟ್ ಒಂದು ಮಗು ಅಂದ್ರೆ ಏನೂಂದ್ರೆ? ಬರೀ ಕೈಯಾ, ಕಾಲಾ?" ಎಂದರು ಕಾವೇರಮ್ಮ.

"ಲೆಕ್ಕ ಕಣೇ ಅದು! ಬಿಹಾರದಲ್ಲಿ ನೋಡೀ, ಮೂರು. ನಮ್ಮಲ್ಲೇ ಯಾದಗಿರಿ ಕಡೆ ಪರವಾಗಿಲ್ಲ. ಈ ಚಾಮರಾಜಪೇಟೆ, ಬಸವನಗುಡೀಲಿ? ನಮ್ಮ ರಸ್ತೇಲಿ ಮಗು ಅತ್ತಿದ್ದು ಕೊನೇ ಸಲ ಯಾವಾಗ ಕೇಳಿದ್ರಿ? ಹೀಗೇ ಆದ್ರೆ ನಾಳೆ ಪಾರ್ಲಿಮೆಂಟಲ್ಲಿ ನಮಗೆ ಸೀಟೂ ಇರಲ್ಲ, ನಿಂತ್ಕೊಂಡು ಮಾತಾಡ್ಬೇಕು."

ರಾಮಾನುಜರ ಸ್ವಂತ ಅಂಕಿಅಂಶವೂ ಅಷ್ಟೇನು ಹೆಮ್ಮೆಪಡುವಂಥದ್ದಲ್ಲ. ಒಬ್ಬಳೇ ಮಗಳು, ಜಯನಗರದಲ್ಲಿದ್ದಾಳೆ. ಅವಳಿಗೆ ಎರಡು ಬೆಕ್ಕು.

ಆಗ ಅವರ ಕಣ್ಣು, ನಲ್ಲಿ ಬಳಿ ಮುಖ ತೊಳೆಯುತ್ತಿದ್ದ ಮನೋಹರನ ಮೇಲೆ ಬಿತ್ತು.

"ಯಾವೂರಪ್ಪಾ?"

"ಬಿಹಾರ್ ಸಾರ್. ದರ್ಭಂಗಾ."

ರಾಮಾನುಜರ ಕನ್ನಡಕ ತಾನಾಗೇ ಏರಿತು. ಅವರು ಒಳಗಿನ ತೊಟ್ಟಿಲ ಕಡೆ ಬೆರಳು ತೋರಿಸಿ, ತಮಗೆ ಗೊತ್ತಿದ್ದಷ್ಟು ಹಿಂದಿಯಲ್ಲಿ, "ಯೇ ತುಮ್ಹಾರಾ ಹೈ ಕ್ಯಾ?" ಎಂದರು.

"ನಹೀ ಸಾರ್. ಈಗ ಇದು ಸಾರ್‌ದು. ನಾನು ತಂದು ಕೊಟ್ಟಿದ್ದು ಅಷ್ಟೇ."

"ಎಷ್ಟು ತಗೊಂಡೆ?"

"ಆರುನೂರು."

ಕಾವೇರಮ್ಮ ಕಾಂಪೌಂಡ್ ಹಿಡಿದುಕೊಂಡರು. ಇದನ್ನು ಮಾತ್ರ ಅವರ ಕಿವಿ ಸರಿಯಾಗಿ ಕೇಳಿಸಿಕೊಂಡಿತ್ತು. "ಆರುನೂರಾ!"

"ಕಮ್ಮೀನೇ ಅಮ್ಮಾ," ಎಂದ ಮನೋಹರ್ ನೊಂದು. "ಬೇರೆಯವರು ಎಂಟುನೂರು ಕೇಳುತ್ತೆ. ಮಾರ್ಕೆಟ್ ಹತ್ತಿರ ಎಷ್ಟು ಟ್ರಾಫಿಕ್!"

"ಕೇಳಿದ್ಯಾ?" ರಾಮಾನುಜ ಹೆಂಡತಿಯ ಕಿವಿಗೆ ಪಿಸುಗುಟ್ಟಿದರು, ಆ ಕಿವಿಗೆ ಪಿಸುಗುಟ್ಟಿದರೆ ಇಡೀ ರಸ್ತೆಗೆ ಕೇಳಿಸುತ್ತದೆ. "ನಾನು ಹೇಳ್ಲಿಲ್ವಾ? ಅಲ್ಲಿ ಮಿಗತೆ, ಇಲ್ಲಿ ಕೊರತೆ. ಅಕ್ಕಿ, ಗೋಧಿ ಇದ್ದ ಹಾಗೆ."

"ಎಲ್ಲಿಂದಾದ್ರೂ ಬರ್ಲಿ ಬಿಡೀಂದ್ರೆ. ಶೈಲಜನ ಮಡಿಲು ತುಂಬ್ತಲ್ಲ," ಎಂದು ಕಣ್ಣೊರೆಸಿಕೊಂಡ ಕಾವೇರಮ್ಮ ತಮ್ಮ ಮನೆಯೊಳಗೆ ಓಡಿ, ಬೆಳ್ಳಿಯ ಒಂದು ಗಿಲಕಿ ತಂದರು. ಮೊಮ್ಮಗುವಿಗೆಂದು ಎಂದೋ ಮಾಡಿಸಿಟ್ಟದ್ದು. ಪೆಟ್ಟಿಗೆಯಲ್ಲಿ ಇಟ್ಟಿಟ್ಟು ಕಪ್ಪಾಗಿತ್ತು. ಸೆರಗಿನಿಂದ ಅದನ್ನು ಉಜ್ಜಿ ಉಜ್ಜಿ ವಿಶ್ವಾರಾಧ್ಯನ ಕೈಗಿಟ್ಟರು. "ಬೆಕ್ಕು ಗಿಲಕಿ ಆಡಲ್ಲ ಕಣೋ. ಇಟ್ಕೋ."

ಆ ಕ್ಷಣದಲ್ಲಿ ವಿಶ್ವಾರಾಧ್ಯ ನಿಜ ಹೇಳಿಯೇಬಿಡುತ್ತಿದ್ದ. ಬಾಯಿ ತೆರೆದಿದ್ದ ಕೂಡ. ಆದರೆ ಗೇಟಿನ ಮುಂದೆ ಕ್ಯಾಬ್ ನಿಂತು, ಅದರಿಂದ ಫೈಲು ಹಿಡಿದ ಯುವತಿಯೊಬ್ಬಳು ಇಳಿದಳು. ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಕಾರ್ಡಿನಲ್ಲಿ ಹೆಸರು: ಧೃತಿ. ದತ್ತು ಕೇಂದ್ರದ ಮೇಡಂ ಒಂದು ಗಂಟೆ ಮೊದಲೇ ಬಂದಿದ್ದರು. ಧೃತಿಯನ್ನು ಕಂಡು ವಿಶ್ವಾರಾಧ್ಯ ಧೃತಿಗೆಟ್ಟ.

"ಮಗು ನೋಡೋಕೆ ಬಂದ್ರೇನಮ್ಮಾ?" ಕಾವೇರಮ್ಮ ಗೇಟು ತೆಗೆದೇಬಿಟ್ಟರು. "ಮಲಗಿದೆ. ಗಂಡು. ಗುಂಡುಗುಂಡಗಿದೆಯಂತೆ."

ಧೃತಿ ಮೇಡಂ ಮುಖದ ನಗು ಅರ್ಧಕ್ಕೇ ನಿಂತಿತು. "ಯಾವ ಮಗು?"

ರಾಮಾನುಜರಿಗೆ, ಇವರು ಯಾರೋ ಆಫೀಸಿನವರು, ವಿಶ್ವಾರಾಧ್ಯನ ಪರವಾಗಿ ನಾಲ್ಕು ಒಳ್ಳೆಯ ಮಾತಾಡಬೇಕು ಎನ್ನಿಸಿತು. ಅನ್ನಿಸಿದ್ದನ್ನು ಅವರು ತಡೆಹಿಡಿದವರೇ ಅಲ್ಲ. "ನೋಡೀ... ಇಂಥ ಗಂಡಹೆಂಡ್ತಿ ಸಿಗಲ್ಲ. ಬಂಗಾರ. ಮಗೂನ ಬಿಹಾರದಿಂದ ತರಿಸಿದಾರೆ. ಈಗ ತಾನೇ ಡೆಲಿವರಿ ಆಯ್ತು. ಮನೇಗೆ ಡೆಲಿವರಿ ಅಂತೀನಿ, ಆಸ್ಪತ್ರೇಲಲ್ಲ. ಇವನೇ ತಂದ್ಕೊಟ್ಟೋನು. ಬರೀ ಆರುನೂರು ತಗೊಂಡ, ಪಾಪ."

ಧೃತಿ ಮೇಡಂ ಮನೋಹರನ ಕಡೆ ತಿರುಗಿದರು. "ಏನಪ್ಪಾ? ಒಳಗಿರೋ ಮಗು ನಿಂದಾ?"

ಮನೋಹರ್ ಮುಖ ಒರೆಸುತ್ತಿದ್ದ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. ತೊಟ್ಟಿಲಲ್ಲಿ ಮಲಗಿದ್ದೇನೆಂದು ಅವನಿಗೆ ಗೊತ್ತು. ಆದರೆ ಅವನು ಆ ಪ್ರಶ್ನೆಗೆ ಬೇರೆಯದೇ ಕಡೆಯಿಂದ ಉತ್ತರ ಕೊಟ್ಟ. "ಮಗೂನಾ ಮೇಡಂ? ಶಾದಿ ಆಗಿ ಹನ್ನೊಂದು ವರ್ಷ. ದರ್ಭಂಗಾದಲ್ಲಿ ಡಾಕ್ಟರ್, ಇಲ್ಲಿ ಡಾಕ್ಟರ್. ಒಂದೂ ಇಲ್ಲ. ನಂದು ಮಗು ಇದ್ರೆ, ಕೊಡುತ್ತಾ ಮೇಡಂ?"

ರಾಮಾನುಜರ ಮೂರರ ಸರಾಸರಿ ತನ್ನ ಪಾಲಿನ ಸೊನ್ನೆಯನ್ನು ಹೆಗಲ ಮೇಲೆ ಹಾಕಿಕೊಂಡು, ಆಟೋ ಹತ್ತಿ ಹೊರಟುಹೋಯಿತು.

"ಮೇಡಂ, ಒಳಗ್ಬನ್ನಿ, ನೀವೇ ನೋಡಿ," ಎಂದು ವಿಶ್ವಾರಾಧ್ಯ ಅಳು ಬರುವ ದನಿಯಲ್ಲಿ ಬೇಡಿಕೊಂಡು, ತೊಟ್ಟಿಲ ಮೇಲಿನ ಸೀರೆ ಸರಿಸಿದ. "ಮಗು ಇಲ್ಲ. ಗುಂಡು ಮೇಡಂ. ರುಬ್ಬುಗುಂಡು."

ಹಳದಿ ಕುಲಾವಿ ತೊಟ್ಟು, ದೃಷ್ಟಿಬೊಟ್ಟು ಇಟ್ಟುಕೊಂಡ ಕಲ್ಲು ಸೂರು ನೋಡುತ್ತ ಮಲಗಿತ್ತು.

ಧೃತಿ ಮೇಡಂ ಬಹಳ ಹೊತ್ತು ಅದನ್ನು ನೋಡಿದರು. ಹುಟ್ಟಿದ್ದು ಬೆಳೆದದ್ದು ಎಲ್ಲ ಇದೇ ಊರಿನಲ್ಲಿ. ಆದರೆ ಅವರ ಅಪಾರ್ಟ್‌ಮೆಂಟಿನಲ್ಲಿ ಯಾರೂ ಮಗುವಿಗಿಂತ ಮೊದಲು ಕಲ್ಲನ್ನು ಮಲಗಿಸಿದ್ದನ್ನು ಕಂಡವರಲ್ಲ. ಮೊದಲು ಇದ್ದದ್ದು ಮಗು ಸಾಗಿಸಿ ತಂದವನ ಮನೆ ಎಂಬ ಭಯ. ಈಗ ಅದು ಹೋಗಿ ಅದರ ಜಾಗಕ್ಕೆ ಇನ್ನೊಂದು ಬಂತು.

"ಸರ್," ಎಂದರು ಮೆಲ್ಲಗೆ, ಮಲಗಿದವರನ್ನು ಎಬ್ಬಿಸಬಾರದು ಎಂಬಂತೆ. "ಈ ಕಲ್ಲಿಗೆ ದೃಷ್ಟಿಬೊಟ್ಟು ಯಾರಿಟ್ಟಿದ್ದು?"

"ನಾನು," ಎಂದಿತು ಬಾಗಿಲಲ್ಲಿ ಒಂದು ದನಿ.

ಶೈಲಜಾ ನಿಂತಿದ್ದಳು, ಕೈಯಲ್ಲಿ ಹೂವು ಹಣ್ಣಿನ ಚೀಲ. ರಸ್ತೆ ತಿರುವಿನಲ್ಲೇ ಇಸ್ತ್ರಿ ಅಂಗಡಿಯ ಶೀನಣ್ಣ, "ಅಕ್ಕಾ, ಗಂಡು ಮಗು ಬಂತಂತಲ್ಲ!" ಎಂದು ಕೂಗಿದ್ದ. ಮೇಡಂ ಮಗುವನ್ನೇ ಕರೆತಂದುಬಿಟ್ಟರೇನೋ ಎಂದು ಓಡಿ ಬಂದಿದ್ದಳು. ಏದುಸಿರು ಇನ್ನೂ ನಿಂತಿರಲಿಲ್ಲ. ತೊಟ್ಟಿಲು ನೋಡಿದಳು, ಕುಲಾವಿ ನೋಡಿದಳು. ಚೀಲವನ್ನು ಕೆಳಗಿಟ್ಟಳು. ಒಂದು ಮೂಸಂಬಿ ಉರುಳಿ ಗೋಡೆಯವರೆಗೆ ಹೋಗಿ ನಿಂತಿತು.

ಬಾಗಿಲ ಬಳಿ ನಿಂತು ಎಲ್ಲ ನೋಡಿದ ಕಾವೇರಮ್ಮನಿಗೆ ತಾವು ಮಾಡಿದ ಎಡವಟ್ಟು ಈಗ ಹೊಳೆಯಿತು. ಸರಿಮಾಡಲು ಒಳಗೇ ಬಂದರು. ಅವರು ಸರಿಮಾಡಲು ಬರದೇ ಇದ್ದಿದ್ದರೆ!

"ಅಯ್ಯೋ, ಇದು ಶಾಸ್ತ್ರ ಕಣಮ್ಮಾ! ನಾಮಕರಣದಲ್ಲಿ ಮೊದಲು ಗುಂಡನ್ನ ಮಲಗಿಸ್ತಾರೆ, ಮಗು ಕಲ್ಲಿನ ಹಾಗೆ ಗಟ್ಟಿಯಾಗಿರ್ಲಿ ಅಂತ. ಹುಚ್ಚುಗಿಚ್ಚು ಅಂದ್ಕೋಬೇಡಿ. ಇವಳು ಬಹಳ ಗಟ್ಟಿ ಹೆಂಗಸು."

"ಹೌದಾ?" ಧೃತಿ ಮೇಡಂ ಮುಖ ಸ್ವಲ್ಪ ಸಡಿಲಾಯಿತು.

"ಹೂಂ ಮತ್ತೆ! ಏಳನೇ ತಿಂಗಳಿಗೆ ಮಗು ಹೋದಾಗ್ಲೂ ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಸುಮ್ನೆ ಜಗಲಿ ಮೇಲೆ ಕೂತು ಖಾಲಿ ತೊಡೆ ಅಲ್ಲಾಡಿಸ್ತಾ ಇರ್ತಿದ್ಲು, ಅಷ್ಟೇ. ವರ್ಷಪೂರ್ತಿ. ಈಗೆಲ್ಲ ಬಿಟ್ಟಿದಾಳೆ."

ಫೈಲಿನ ಮೇಲೆ ಓಡುತ್ತಿದ್ದ ಧೃತಿ ಮೇಡಂ ಪೆನ್ನು ನಿಂತಿತು.

ಶೈಲಜಾ ತಲೆ ಎತ್ತಲಿಲ್ಲ. ಅವಳ ಬಲಗಾಲು ಒಂದೇ ಸಮನೆ ಅಲುಗುತ್ತಿದ್ದುದನ್ನು ವಿಶ್ವಾರಾಧ್ಯ ನೋಡಿದ. ಧೃತಿ ಮೇಡಂ ಕೂಡ ನೋಡಿದರು.

ಫೈಲು ಮುಚ್ಚುವಾಗ ಮೇಡಂ ಕೈ ಹಗುರವಾಗಿಯೇ ಇತ್ತು. "ನಾನೇನೂ ತಪ್ಪು ಬರೆಯಲ್ಲ ಸರ್. ಆದ್ರೆ ಇಷ್ಟೆಲ್ಲ ಕೇಳಿದ್ಮೇಲೆ ಇವತ್ತೇ 'ಹೌದು' ಅಂತ ಬರೆಯೋಕಾಗಲ್ಲ. ಇನ್ನೊಂದು ಸಲ ಕೌನ್ಸೆಲಿಂಗ್ ಆಗ್ಲಿ, ಒಂದೆರಡು ತಿಂಗಳು."

"ಇನ್ನು ಒಂದೆರಡು ತಿಂಗಳಾದ್ರೆ..." ಎಂದ ವಿಶ್ವಾರಾಧ್ಯ.

"ಗೊತ್ತು ಸರ್. ತೊಟ್ಟಿಲ ಮಗು ಸಿಗಲ್ಲ." ಮೇಡಂ ಚಪ್ಪಲಿ ಮೆಟ್ಟಿಕೊಳ್ಳುತ್ತ ಒಂದು ಕ್ಷಣ ನಿಂತರು. "ನಿಮಗೊಂದು ಒಳ್ಳೆ ಸುದ್ದಿ ಹೇಳ್ಬೇಕು ಅಂತ್ಲೇ ಬೇಗ ಬಂದೆ. ನಿಮ್ಮ ಸರದಿ ಬಂದಿತ್ತು. ಮೂರು ತಿಂಗಳಿನ ಹೆಣ್ಣು ಮಗು. ಸಂಜೆಯೊಳಗೆ ಒಪ್ಪಿಗೆ ಕಳಿಸ್ಬೇಕಿತ್ತು."

ಗಿಲಕಿ ವಿಶ್ವಾರಾಧ್ಯನ ಕೈಯಲ್ಲಿ ತಾನಾಗೇ ಗಿಲ್ ಎಂದಿತು.

ರಾಮಾನುಜರಿಗೆ ತಡೆಯಲಾಗಲಿಲ್ಲ. "ಮಗು ಯಾವ ಕಡೇದು ಮೇಡಂ? ಉತ್ತರದ್ದೇ ಇರ್ಬೇಕು?"

"ಅದನ್ನೆಲ್ಲ ಹೇಳ್ಬಾರ್ದು ಸರ್," ಎಂದರು ಮೇಡಂ. ಹೇಳಬಾರದು ಎಂದವರು ಗೇಟಿನ ಬಳಿ ತಿರುಗಿ, "ನಿಮ್ಮ ಬಸವನಗುಡೀದೇ. ನೀವು ವಾಕಿಂಗ್ ಹೋಗೋಷ್ಟು ದೂರ," ಎಂದು ಕ್ಯಾಬ್ ಹತ್ತಿದರು.

ನಾಲ್ಕು ವರ್ಷ ತೆವಳಿದ ಫೈಲು ಕೈತಪ್ಪಿ ಹೋಗುವಾಗ ಮಾತ್ರ ಓಡಿತು. ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು. ಶೈಲಜಾಗೂ ಕೇಳಲಿ ಎಂದು ವಿಶ್ವಾರಾಧ್ಯ ಸ್ಪೀಕರ್ ಹಾಕಿದ. ಧೃತಿ ಮೇಡಂ ದನಿಯಲ್ಲಿ ಒಂದು ಸಂಕೋಚವಿತ್ತು.

"ಸರ್, ಬೇಜಾರು ಮಾಡ್ಕೋಬೇಡಿ. ಮಗು ಲಿಸ್ಟಲ್ಲಿ ಮುಂದಿನವರಿಗೆ ಹೋಯ್ತು. ಅವರು ಒಪ್ಕೊಂಡ್ರು."

"ಯಾರು ಮೇಡಂ ಅವರು? ಇಲ್ಲಿಯವ್ರಾ?"

"ಅಲ್ಲ ಸರ್. ಪಟ್ನಾದವರು. ಅವರಿಗೂ ಬಹಳ ವರ್ಷದಿಂದ ಮಕ್ಕಳಿಲ್ಲ."

ವಿಶ್ವಾರಾಧ್ಯ ಬಾಗಿಲ ಬಳಿ ಗೋಡೆಗೆ ಒರಗಿ ಕೂತ. ಕಾಂಪೌಂಡಿನ ಆಚೆಯಿಂದ ರಾಮಾನುಜ, "ಎಲ್ಲಿಗೆ ಹೋಯ್ತಂತೆ ರೀ?" ಎಂದು ಮೆಲ್ಲಗೆ ಕೇಳಿದರು. "ಬಿಹಾರಕ್ಕೆ," ಎಂದ ವಿಶ್ವಾರಾಧ್ಯ. ರಾಮಾನುಜ ಕನ್ನಡಕ ಏರಿಸಿದರು, ಗಂಟಲು ಸರಿಮಾಡಿದರು, ಆದರೆ "ನೋಡೀ..." ಬರಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತ ಒಳಗೆ ಹೋದರು.

ಫೋನಿನಲ್ಲಿ ಮೇಡಂ ಇನ್ನೂ ಇದ್ದರು. "ಇನ್ನೊಂದು ವಿಷ್ಯ ಸರ್. ಕೇಳೋಕೆ ಒಂಥರಾ ಆಗತ್ತೆ. ಅವರು ಮುಂದಿನ ವಾರ ಮಗೂನ ಕರ್ಕೊಂಡು ಹೋಗೋಕೆ ಬರ್ತಿದಾರೆ. ಮಗು ಹುಟ್ಟಿದೂರಿನ ಮರದ ತೊಟ್ಟಿಲೇ ಬೇಕಂತೆ. ನಂಗೆ ನಿಮ್ಮ ಅಂಗಡಿ ಬಿಟ್ಟು ಬೇರೆ ಗೊತ್ತಿಲ್ಲ. ನಿಮ್ಮ ನಂಬರ್ ಅವರಿಗೆ ಕೊಡ್ಲಾ?"

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಶೈಲಜಾ ಬಂದು, ವಿಶ್ವಾರಾಧ್ಯನ ಕೈಯಿಂದ ಫೋನ್ ತೆಗೆದುಕೊಂಡು, "ಕೊಡಿ ಮೇಡಂ. ತೊಟ್ಟಿಲು ರೆಡಿ ಇದೆ," ಎಂದು ಇಟ್ಟಳು.

"ಇದನ್ನಾ?" ಎಂದ ವಿಶ್ವಾರಾಧ್ಯ. "ಅಪ್ಪ ಮಾಡಿದ್ದು ಶೈಲಾ. ಮಾರಾಟಕ್ಕಿಲ್ಲ ಅಂತ..."

"ಮಾರಿ ಅಂತ ನಾನೆಲ್ಲಿ ಹೇಳ್ದೆ? ಆ ಗಿಳಿಗೊಂದು ಕೊಕ್ಕು ಕೆತ್ತಿ ಕೊಡಿ. ಕೂಸಿಗೆ ಕಾಣ್ಬೇಕಲ್ಲ."

ಅವಳು ತೊಟ್ಟಿಲ ಬಳಿ ಹೋಗಿ, ಜಾರಿದ್ದ ಕುಲಾವಿಯನ್ನು ಸರಿಮಾಡಿ, ಕಾವೇರಮ್ಮನ ಗಿಲಕಿಯನ್ನು ಗುಂಡಿನ ಪಕ್ಕಕ್ಕಿಟ್ಟಳು. ಅವಳು ಗುಂಡನ್ನು ಎತ್ತಿ ಒರಳಿಗೆ ಹಾಕುತ್ತಾಳೆ ಎಂದು ವಿಶ್ವಾರಾಧ್ಯ ಕಾದ. ಅವಳು ಹಳೆಯ ಸೀರೆಯನ್ನು ಕುತ್ತಿಗೆಯವರೆಗೆ ಹೊದಿಸಿದಳು.

"ಗುಂಡು ತೆಗೀಲಿಲ್ವಾ?"

"ಅವರು ರೈಲಲ್ಲಿ ಮಗೂನ ತೊಡೆ ಮೇಲೆ ಇಟ್ಕೊಂಡು ಹೋಗ್ತಾರೆ. ತೊಟ್ಟಿಲು ಬೇರೆ ಪಾರ್ಸೆಲ್ ಹೋಗತ್ತೆ. ಅಷ್ಟು ದೂರ ಖಾಲಿ ಕಳಿಸ್ತಾರೇನ್ರೀ?"

"ಮತ್ತೆ ನಮ್ಮ ದೋಸೆ ಹಿಟ್ಟು?"

ಶೈಲಜಾ ಒಮ್ಮೆ, ಒಂದೇ ಒಂದು ಸಲ, ತೊಟ್ಟಿಲನ್ನು ತೂಗಿದಳು. ಗುಂಡಿನ ಭಾರಕ್ಕೆ ಅದು ನಿಧಾನವಾಗಿ ಹೋಗಿ, ನಿಧಾನವಾಗಿ ಬಂತು.

"ಮೆಲ್ಲಗೆ ಮಾತಾಡ್ರೀ," ಎಂದಳು. "ಮಿಕ್ಸಿ ಇದೆಯಲ್ಲ."